ಗೃಹವಿಜ್ಞಾನ: ಹೊನ್ನೆಯ ಲೋಟವೂ ಮರದ ಕೆಚ್ಚೂ

ಕಳೆದ ಮಾಘಮಾಸದಲ್ಲಿ ನಾವು ಕಾರ್ಯನಿಮಿತ್ತವಾಗಿ ಶಿವಮೊಗ್ಗೆಗೆ ಹೋಗಬೇಕಾಯಿತು. ಅಲ್ಲಿಂದ ಭದ್ರಾವತಿಗೆ 20 ಕಿಲೋಮೀಟರಿಗಿಂತ ಹೆಚ್ಚು ದಾರಿಯಿಲ್ಲ. ಅಲ್ಲಿ ನಮ್ಮ ಸೋದರಮಾವನವರ ಮನೆಯಿರುವುದು. ಅಷ್ಟು ಹತ್ತಿರ ಹೋಗಿ ಅವರನ್ನು ಕಾಣದೆ ಬರುವುದು ಸರಿಯಲ್ಲವೆಂದು ಒಂದು ಸಂಜೆ ಅವರಲ್ಲಿಗೆ ಹೋದೆವು. ಮಾವನವರಿಗೆ ಹತ್ತು ವರ್ಷಗಳಿಂದ ಮಧುಮೇಹ. ಜಗಲಿಯ ಮೇಲೆ ಕುಳಿತಿದ್ದ ಅವರ ಕೈಯಲ್ಲಿ ಮರದ ಲೋಟವೊಂದಿತ್ತು. ಅದರೊಳಗಿನ ನೀರು ಚಹದ ಬಣ್ಣಕ್ಕೆ ತಿರುಗಿತ್ತು. "ಹೊನ್ನೆಮರದ ಲೋಟ ಕಣಯ್ಯ, ಶಿವಮೊಗ್ಗೆಯ ಪೇಟೆಯಲ್ಲಿ ತಂದೆ. ರಾತ್ರಿ ನೀರು ಹಾಕಿಟ್ಟು ಬೆಳಗ್ಗೆ ಕುಡಿದರೆ ಸಾಕು, ಸಕ್ಕರೆ ತಾನಾಗಿ ಇಳಿಯುತ್ತದೆ. ಆಂಟಿಆಕ್ಸಿಡೆಂಟ್ ಅಂತೆ!" ಎಂದು ಬಹು ಉತ್ಸಾಹದಿಂದ ಹೇಳಿದರು.

ಅತ್ತೆಯವರು ನಮ್ಮನ್ನು ಅಡಿಗೆಮನೆಗೆ ಕರೆದು ಮೆಲ್ಲನೆ ಹೇಳಿದ ಮಾತೇ ಬೇರೆ. "ಏನಪ್ಪಾ, ಪತ್ರಿಕೆಗೆ ಬರೆಯುವವನು ನೀನು, ನೀನಾದರೂ ಹೇಳು. ದೀಪಾವಳಿಯಿಂದೀಚೆಗೆ ಮಾತ್ರೆಯನ್ನು ಮುಟ್ಟಿಲ್ಲ. ಕಾಲ್ಬೆರಳಿಗೆ ಕಲ್ಲು ತಗುಲಿ ಮೂರು ವಾರವಾಯಿತು, ಗಾಯ ಇನ್ನೂ ಮಾಯಲಿಲ್ಲ. ಆ ಲೋಟದಲ್ಲಿ ನಿಜವಾಗಿ ಏನಿದೆ?"

ಆಕೆಯ ಪ್ರಶ್ನೆಯು ನಮ್ಮ ವಾಚಕರಲ್ಲಿ ಅನೇಕರ ಮನೆಯ ಪ್ರಶ್ನೆಯೂ ಆಗಿರಬಹುದು. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಚಾರಿಸುವೆವು.

ಹೊನ್ನೆಯು ಮಲೆನಾಡಿನವರಿಗೆ ಅಪರಿಚಿತವಾದ ಮರವಲ್ಲ. ತೇಗ, ಬೀಟೆ, ಮತ್ತಿ, ನಂದಿಗಳ ಜೊತೆಯಲ್ಲಿ ನಮ್ಮ ಎಲೆಯುದುರುವ ಕಾಡುಗಳಲ್ಲಿ ಬೆಳೆಯತಕ್ಕ ಘನವಾದ ವೃಕ್ಷವಿದು. ಸಾಗರದ ಕಡೆಯ ಹೊನ್ನೆಮರಡು ಎಂಬ ಊರಿನ ಹೆಸರಿನಲ್ಲಿಯೇ ಇದರ ಹೆಸರು ಸೇರಿಕೊಂಡಿದೆ. ತೊಗಟೆಯನ್ನು ಕಚ್ಚುಮಾಡಿದರೆ ರಕ್ತದಂತಹ ಕೆಂಪು ಸೊನೆ ಒಸರುವುದು. ಇದನ್ನು ಕೀನೋ ಎಂಬ ಹೆಸರಿನಿಂದ ಪಾಶ್ಚಾತ್ಯ ಔಷಧ ವ್ಯಾಪಾರಿಗಳೂ ಬಲ್ಲರು. ಸಂಸ್ಕೃತದಲ್ಲಿ ಬೀಜಕ, ಅಸನ ಎಂದೂ, ಔಷಧದ ಅಂಗಡಿಗಳಲ್ಲಿ ವಿಜಯಸಾರ ಎಂದೂ ಕರೆಯುವರು. ಆಯುರ್ವೇದದಲ್ಲಿ ಪ್ರಮೇಹಕ್ಕೆ ಇದನ್ನು ಹೇಳಿರುವುದು ಹೊಸ ಮಾತೇನೂ ಅಲ್ಲ.

ಲೋಟದ ನೀರಿಗೆ ಬರುವ ಬಣ್ಣವು ಮರದ ಯಾವ ಭಾಗದಿಂದ ಬಂದಿತೆಂಬುದನ್ನು ಮೊದಲು ತಿಳಿಯಬೇಕು. ಕೊಯ್ದ ದಿಮ್ಮಿಯನ್ನು ನೋಡಿದವರಿಗೆ ಎರಡು ಬಣ್ಣ ಕಾಣಿಸುವುದು. ಹೊರಗಿನ ಸುತ್ತು ಬಿಳಿಪು. ಒಳಗಿನದು ಕಂದು ಅಥವಾ ಕೆಂಪು. ಈ ಒಳಮರಕ್ಕೆ ಕನ್ನಡದಲ್ಲಿ ಕೆಚ್ಚು ಎನ್ನುತ್ತೇವೆ, ಚೇಗು ಎಂಬ ಮಾತೂ ಉಂಟು. ಧೈರ್ಯಶಾಲಿಯನ್ನು ಕೆಚ್ಚೆದೆಯವನೆಂದು ಹೊಗಳುವಾಗ ನಾವು ನೆನೆಯುವುದು ಈ ಮರದ ಕೆಚ್ಚನ್ನೇ. ಬಡಗಿಯು ಬಾಗಿಲುವಾಡಕ್ಕೆ ಮರವನ್ನು ಆರಿಸುವಾಗ ಬಿಳಿಯ ಭಾಗವನ್ನು ಕೆತ್ತಿ ತೆಗೆದುಹಾಕುವನು. ಅದರಲ್ಲಿ ಪಿಷ್ಟ ಉಳಿದಿರುವುದರಿಂದ ಕುಟ್ಟೆಹುಳು ಬೇಗನೆ ಹಿಡಿಯುವುದೆಂಬುದು ಅವನ ಅನುಭವ.

ಹೊರಗಿನ ಬಿಳಿಯ ಮರದಲ್ಲಿ ಜೀವಕೋಶಗಳಿರುತ್ತವೆ. ಬೇರಿನ ನೀರು ಅದರ ಮೂಲಕವೇ ಮೇಲಕ್ಕೆ ಹರಿಯುವುದು. ಮರಕ್ಕೆ ವಯಸ್ಸಾದಂತೆಲ್ಲ ಒಳಗಿನ ಕೋಶಗಳು ಸಾಯುವುವು. ಆದರೆ ಅವು ಬರಿಗೈಯಲ್ಲಿ ಸಾಯುವುದಿಲ್ಲ. ಸಾಯುವುದಕ್ಕೆ ಮುಂಚೆ ತಮ್ಮಲ್ಲಿದ್ದ ಪಿಷ್ಟವನ್ನೂ ಸಕ್ಕರೆಯನ್ನೂ ಒಗರಾದ, ಬಣ್ಣವುಳ್ಳ ದ್ರವ್ಯಗಳನ್ನಾಗಿ ಮಾರ್ಪಡಿಸಿ ಸುತ್ತಲೂ ತುಂಬಿ ಹೋಗುವುವು. ಸತ್ತ ಕೆಚ್ಚು ತನ್ನ ಗಾಯವನ್ನು ತಾನೇ ವಾಸಿಮಾಡಿಕೊಳ್ಳಲಾರದು. ಈ ದ್ರವ್ಯಗಳೇ ಅದಕ್ಕೆ ಕಾವಲು. ಗಂಧದ ಎಣ್ಣೆಯೂ ಹೀಗೆಯೇ ಶ್ರೀಗಂಧದ ಕೆಚ್ಚಿನಲ್ಲಿ ಶೇಖರವಾಗಿರುವುದು. ಶಿವಮೊಗ್ಗೆಯಲ್ಲಿ 1944ರಲ್ಲಿ ಸ್ಥಾಪಿತವಾದ ಗಂಧದೆಣ್ಣೆಯ ಕಾರ್ಖಾನೆಗೆ ಬೇಕಾಗಿದ್ದುದು ಈ ಕೆಚ್ಚೇ ಹೊರತು ಹೊರಗಿನ ಬಿಳಿಮರವಲ್ಲ.

ಈ ಕಾವಲಿನ ಕೆಲಸ ಹೇಗೆ ನಡೆಯುವುದೆಂಬುದನ್ನು ತಿಳಿಯಲು ಭದ್ರಾವತಿಯವರಿಗೆ ಚೆನ್ನಾಗಿ ಗೊತ್ತಿರುವ ತುಕ್ಕಿನಿಂದ ಆರಂಭಿಸೋಣ. ಗಾಳಿಯ ಆಮ್ಲಜನಕವು ನೀರಿನ ಸಹಾಯದಿಂದ ಕಬ್ಬಿಣವನ್ನು ಕೂಡಿಕೊಂಡರೆ ಅದೇ ತುಕ್ಕು. ಇದಕ್ಕೆ ಶಾಸ್ತ್ರದಲ್ಲಿ ಉತ್ಕರ್ಷಣವೆಂದು ಹೆಸರು. ಉತ್ಕರ್ಷಣವು ಕಬ್ಬಿಣಕ್ಕೆ ಮಾತ್ರವೇ ಆಗತಕ್ಕದ್ದಲ್ಲ. ಡಬ್ಬದಲ್ಲಿ ಬಹುದಿನ ಇಟ್ಟ ಚಕ್ಕುಲಿಗೆ ಕಮಟು ವಾಸನೆ ಬರುವುದೂ, ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದೂ ಇದರ ರೂಪಗಳೇ. ಈ ಕ್ರಿಯೆ ನಡೆಯುವಾಗ ಜೋಡಿ ತಪ್ಪಿದ ಎಲೆಕ್ಟ್ರಾನುಳ್ಳ ಕೆಲವು ಕಣಗಳು ಹುಟ್ಟುತ್ತವೆ. ಇವುಗಳಿಗೆ ಫ್ರೀ ರ್‍ಯಾಡಿಕಲ್ ಎಂದು ಹೆಸರು, ನಾವು ಪುಂಡಕಣಗಳೆನ್ನೋಣ. ಪುಂಡಕಣವು ತನಗೆ ಸಾಲದ ಎಲೆಕ್ಟ್ರಾನನ್ನು ನೆರೆಯವನಿಂದ ಕಿತ್ತುಕೊಳ್ಳುವುದು. ಕಳೆದುಕೊಂಡ ನೆರೆಯವನು ತಾನೂ ಪುಂಡನಾಗುವನು. ಹೀಗೆ ಕೇಡು ಸರಪಣಿಯಂತೆ ಬೆಳೆಯುವುದು. ತನ್ನ ಎಲೆಕ್ಟ್ರಾನನ್ನು ಕೊಟ್ಟು, ಕೊಟ್ಟ ಮೇಲೂ ಶಾಂತವಾಗಿರಬಲ್ಲ ವಸ್ತುವೊಂದು ನಡುವೆ ಬಂದರೆ ಸರಪಣಿ ತುಂಡಾಗುವುದು. ಇಂತಹ ವಸ್ತುವೇ ಉತ್ಕರ್ಷಣ ನಿರೋಧಕ. ಮಾವನವರು ಹೇಳಿದ ಆಂಟಿಆಕ್ಸಿಡೆಂಟ್ ಇದೇ.

ಮರಕ್ಕೂ ಕಬ್ಬಿಣಕ್ಕೂ ಇಲ್ಲೊಂದು ಸ್ವಾರಸ್ಯವಾದ ಸಂಬಂಧವಿದೆ. ಹೈಡ್ರೊಜನ್ ಪೆರಾಕ್ಸೈಡಿನೊಡನೆ ಸ್ವಲ್ಪ ಕಬ್ಬಿಣದ ಲವಣವು ಸೇರಿದರೆ ಅದರ ಉತ್ಕರ್ಷಣ ಶಕ್ತಿ ವಿಪರೀತವಾಗುವುದೆಂದು 1894ರಲ್ಲಿ ಫೆಂಟನ್ ಎಂಬ ಆಂಗ್ಲ ರಸಾಯನಶಾಸ್ತ್ರಜ್ಞನು ತೋರಿಸಿದನು. ಅಲ್ಲಿ ಹುಟ್ಟುವವು ಅತ್ಯಂತ ಉಗ್ರವಾದ ಪುಂಡಕಣಗಳು. ಮರವನ್ನು ಕೊಳೆಯಿಸುವ ಕೆಲವು ಅಣಬೆಗಳು ಇದೇ ಉಪಾಯವನ್ನು ಮಾಡುತ್ತವೆ. ಮರದಲ್ಲಿರುವ ಅಣುಮಾತ್ರದ ಕಬ್ಬಿಣವನ್ನು ಬಳಸಿಕೊಂಡು ಮರದ ನಾರನ್ನು ಮುರಿಯುತ್ತವೆ. ಅಮೇರಿಕದ ಮಿಸಿಸಿಪಿಯ ಶುಲ್ಟ್ಸ್ ಮತ್ತು ನಿಕೋಲಸ್ ಎಂಬ ವಿದ್ವಾಂಸರು 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೆಚ್ಚಿನ ದ್ರವ್ಯಗಳು ಅಣಬೆಗೆ ವಿಷವಾಗಿರುವುದಲ್ಲದೆ ಪುಂಡಕಣಗಳನ್ನು ಅಡಗಿಸುವುದರಿಂದಲೂ ಮರವನ್ನು ಕಾಪಾಡುತ್ತವೆಂದು ಪ್ರತಿಪಾದಿಸಿದರು. ಕಬ್ಬಿಣವನ್ನು ಹಿಡಿದು ಕಟ್ಟಿಹಾಕುವ ಗುಣವೂ ಇವುಗಳಲ್ಲಿ ಅನೇಕಕ್ಕೆ ಉಂಟು. ಬಾಳೆಕಾಯಿಯನ್ನು ಕಬ್ಬಿಣದ ಈಳಿಗೆಮಣೆಯಲ್ಲಿ ಹೆಚ್ಚಿದಾಗ ಅಲಗೂ ಕೈಯೂ ಕಪ್ಪಾಗುವುದನ್ನು ನಮ್ಮ ಸೋದರಿಯರು ದಿನವೂ ನೋಡುತ್ತಾರೆ. ಒಗರು ಕಬ್ಬಿಣವನ್ನು ಹಿಡಿದುಕೊಂಡುದರ ಗುರುತು ಅದು. ಒಗರುಳ್ಳ ಹಸಿಮರದ ಹಲಗೆಗೆ ಹೊಡೆದ ಮೊಳೆಯ ಸುತ್ತ ಕಪ್ಪು ಕಲೆಯಾಗುವುದೂ ಇದರಿಂದಲೇ.

ಭದ್ರಾವತಿಗೂ ಮರದ ಈ ದ್ರವ್ಯಗಳಿಗೂ ಹಳೆಯ ಪರಿಚಯವುಂಟು. ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಈ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವನ್ನಾರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಅಲ್ಲಿ ಕಲ್ಲಿದ್ದಲಿಗೆ ಬದಲಾಗಿ ಮರದ ಇದ್ದಲನ್ನು ಉಪಯೋಗಿಸುತ್ತಿದ್ದರು. ಗಾಳಿ ಸೇರದಂತೆ ಮುಚ್ಚಿದ ಪಾತ್ರೆಗಳಲ್ಲಿ ಕಾಡುಮರವನ್ನು ಕಾಯಿಸಿದರೆ ಇದ್ದಲು ಉಳಿಯುವುದು. ಹೊರಟ ಹೊಗೆಯನ್ನು ತಣಿಸಿದರೆ ಮರದ ಸಾರಾಯಿಯಾದ ಮಿಥೈಲ್ ಆಲ್ಕೊಹಾಲು, ಅಸೆಟಿಕ್ ಆಮ್ಲ, ಮರದ ಡಾಂಬರು, ಇವು ದೊರೆಯುವುವು. ಗಟ್ಟಿಮರದ ಡಾಂಬರಿನಲ್ಲಿ ಗ್ವಾಯಕಾಲ್ ಮೊದಲಾದ ಫೀನಾಲ್ ಜಾತಿಯ ವಸ್ತುಗಳಿವೆ. ಇವೂ ಉತ್ಕರ್ಷಣ ನಿರೋಧಕಗಳೇ. ಹೊಗೆಯಲ್ಲಿಟ್ಟ ಮೀನು ಬೇಗ ಕಮಟದಿರುವುದಕ್ಕೆ ಇಂತಹ ವಸ್ತುಗಳೂ ಒಂದು ಕಾರಣ. 1950ರ ಬಳಿಕ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದುವು. ಮರದ ಬಟ್ಟಿಯ ಕಾಲ ಕ್ರಮೇಣ ಕಳೆದುಹೋಯಿತು. ಆದರೆ ಆ ಬಟ್ಟಿಯು ಒಂದು ಪಾಠವನ್ನು ಕೊಡುವುದು. ಡಾಂಬರಿನಲ್ಲಿ ಉತ್ಕರ್ಷಣ ನಿರೋಧಕವಿದೆಯೆಂದು ಯಾರಾದರೂ ಅದನ್ನು ಕುಡಿದಾರೆಯೆ? ಅದೇ ಹೊಗೆಯಲ್ಲಿ ಅರ್ಬುದವನ್ನುಂಟುಮಾಡುವ ವಸ್ತುಗಳೂ ಇವೆಯಲ್ಲವೆ?

ಇದೇ ಮಾತು ನಮ್ಮ ತಟ್ಟೆಯಲ್ಲಿರುವ ಕಾಚಿಗೂ ಸಲ್ಲುವುದು. ಕಗ್ಗಲಿ ಮರದ ಕೆಚ್ಚನ್ನು ಚಕ್ಕೆಮಾಡಿ ಕುದಿಸಿ ಬತ್ತಿಸಿದರೆ ಕಾಚು. ಚಹದಲ್ಲಿರುವ ಕೆಟಿಕಿನ್ ಎಂಬ ಹೆಸರಾಂತ ಉತ್ಕರ್ಷಣ ನಿರೋಧಕಕ್ಕೆ ಆ ಹೆಸರು ಬಂದುದೇ ಕಾಚಿನಿಂದ. ಆದರೂ ಎಲೆಯಡಿಕೆಯನ್ನು ಅಗಿಯುವುದು ಬಾಯಿಯ ಅರ್ಬುದಕ್ಕೆ ಕಾರಣವೆಂದು, ಹೊಗೆಸೊಪ್ಪಿಲ್ಲದಿದ್ದರೂ ಅಪಾಯ ತಪ್ಪಿದ್ದಲ್ಲವೆಂದು, ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಡಿಕೆಯ ಸೀಮೆಯವರಿಗೆ ಈ ಮಾತು ರುಚಿಸದು, ಆದರೂ ಹೇಳದಿರಲಾಗದು. ತೇಗದ ಕೆಚ್ಚಿನಲ್ಲಿ ಗೆದ್ದಲನ್ನು ದೂರವಿಡುವ ಟೆಕ್ಟೋಕ್ವಿನೋನ್ ಎಂಬ ವಸ್ತುವಿದೆ. ಆ ಮರದ ಹೊಟ್ಟು ಮೈಗೆ ತಗುಲಿ ಕೆಲವು ಬಡಗಿಗಳಿಗೆ ತುರಿಕೆಯಾಗುವುದೂ ಉಂಟು. ಕೆಚ್ಚಿನ ದ್ರವ್ಯಗಳನ್ನು ಮರವು ತನ್ನ ರಕ್ಷಣೆಗಾಗಿ ಮಾಡಿಕೊಂಡಿತೇ ಹೊರತು ನಮ್ಮ ಆರೋಗ್ಯಕ್ಕಾಗಿಯಲ್ಲ. ಅವುಗಳಲ್ಲಿ ಕೆಲವು ನಮಗೂ ಉಪಕಾರಕವಾಗಬಹುದು. ಯಾವುದು, ಎಷ್ಟು ಎಂಬುದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಈಗ ಹೊನ್ನೆಯ ಲೋಟಕ್ಕೆ ಬರೋಣ. ಮರದ ಲೋಟದ ನೀರನ್ನು ಔಷಧವೆಂದು ಕುಡಿಯುವ ಪದ್ಧತಿ ನಮ್ಮಲ್ಲಿ ಮಾತ್ರವೇ ಇದ್ದುದಲ್ಲ. ಹೊನ್ನೆಗೆ ದಾಯಾದಿಯಾದ ಫಿಲಿಪೈನ್ಸ್ ದ್ವೀಪಗಳ ನರ್ರಾ ಮರದಿಂದಲೂ ಇಂತಹ ಲೋಟಗಳನ್ನು ಮಾಡುತ್ತಿದ್ದರು. ಅದರಲ್ಲಿಟ್ಟ ನೀರು ಒಂದು ಕಡೆಯಿಂದ ಹೊಂಬಣ್ಣವಾಗಿಯೂ ಮತ್ತೊಂದು ಕಡೆಯಿಂದ ನೀಲಿಯಾಗಿಯೂ ಕಾಣುತ್ತಿತ್ತು. ಮೂತ್ರರೋಗಗಳಿಗೆ ಒಳ್ಳೆಯದೆಂದು ಹೆಸರಾಗಿದ್ದ ಇಂತಹ ಮರದ ನೀರಿನ ಬೆಡಗನ್ನು ಕಂಡು 1646ರಲ್ಲಿ ಕಿರ್ಚರನೂ 1664ರಲ್ಲಿ ರಾಬರ್ಟ್ ಬಾಯಲನೂ ಅದರ ವಿಚಾರವಾಗಿ ಬರೆದರು. ನಮ್ಮ ಹೊನ್ನೆಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿನಲ್ಲಿ ಕಪ್ಪು ಬಟ್ಟೆಯ ಮುಂದೆ ಹಿಡಿದರೆ ಅಂತಹುದೇ ನೀಲಿ ಛಾಯೆಯನ್ನು ಕಾಣಬಹುದು. ನೋಡಲು ಅಂದವಾದುದು; ಆದರೆ ಹೊಳಪು ಗುಣಕ್ಕೆ ಸಾಕ್ಷಿಯಲ್ಲ.

ಹೊನ್ನೆಯ ಕೆಚ್ಚಿನಲ್ಲಿ ಟೆರೋಸ್ಟಿಲ್‌ಬೀನ್ ಎಂಬ ಪ್ರಸಿದ್ಧ ವಸ್ತುವಿದೆ. ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲಿಗೆ ಇದು ಹತ್ತಿರದ ನೆಂಟ. ಎಪಿಕೆಟಿಕಿನ್ ಮತ್ತಿತರ ವಸ್ತುಗಳನ್ನೂ ಈ ಮರದಿಂದ ಬೇರ್ಪಡಿಸಿದ್ದಾರೆ. ಆದರೆ ಟೆರೋಸ್ಟಿಲ್‌ಬೀನು ನೀರಿನಲ್ಲಿ ಕರಗುವುದು ಅತ್ಯಲ್ಪ. ಪುಸ್ತಕದಲ್ಲಿ ಹೊಗಳಿರುವ ವಸ್ತುವೇ ಲೋಟದ ನೀರಿನಲ್ಲಿ ಅಷ್ಟೇ ಇರುವುದೆಂದು ಭಾವಿಸಲಾಗದು. ನೀರಿಗೆ ಇಳಿಯುವವು ಬಹುಮಟ್ಟಿಗೆ ಅದರ ಬೇರೆ ಸೋದರರು.

ಪರೀಕ್ಷೆಗಳು ಏನು ಹೇಳುತ್ತವೆ? ಎಪಿಕೆಟಿಕಿನ್ ಕೊಟ್ಟ ಇಲಿಗಳಲ್ಲಿ, ಇನ್ಸುಲಿನನ್ನು ಸ್ರವಿಸುವ ಕೋಶಗಳು ಮತ್ತೆ ಹುಟ್ಟಿದುವೆಂದು ನಮ್ಮ ದೇಶದ ವಿದ್ವಾಂಸರು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಮಾಡಿದರು. ಇದು ಬಹಳ ಆಸೆಯನ್ನು ಹುಟ್ಟಿಸಿತು. ಬೇರೆ ದೇಶಗಳಲ್ಲಿ ಮಧುಮೇಹವುಳ್ಳ ಇಲಿಗಳ ಮೇಲೆ ಪ್ರಯೋಗಮಾಡಿದವರಿಗೆ ಆ ಫಲವು ಕಾಣಿಸಲಿಲ್ಲ. ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ವಿಜಯಸಾರವನ್ನು ನಾಲ್ಕು ಕೇಂದ್ರಗಳಲ್ಲಿ ಮನುಷ್ಯರ ಮೇಲೆಯೇ ಪರೀಕ್ಷಿಸಿ 1998ರಲ್ಲಿ ಫಲವನ್ನು ಪ್ರಕಟಿಸಿತು. 12 ವಾರಗಳಲ್ಲಿ 97 ಮಂದಿ ರೋಗಿಗಳ ಪೈಕಿ 67 ಮಂದಿಗೆ ರಕ್ತದ ಸಕ್ಕರೆ ಹತೋಟಿಗೆ ಬಂದಿತು. ಇದು ಸಣ್ಣ ಮಾತಲ್ಲ. ಆದರೆ ಮೂರು ಅಂಶಗಳನ್ನು ಗಮನಿಸಬೇಕು. ಆ ರೋಗಿಗಳು ಆಗತಾನೆ ರೋಗ ಗೊತ್ತಾದವರು ಅಥವಾ ಇನ್ನೂ ಚಿಕಿತ್ಸೆ ಪಡೆಯದಿದ್ದವರು. ಹತ್ತು ವರ್ಷದ ರೋಗಿಗಳಲ್ಲ. ಅವರಿಗೆ ಕೊಟ್ಟುದು ಬಹುಮಂದಿಗೆ 2 ಗ್ರಾಮಿನಂತೆ ತೂಗಿದ ಸತ್ವ, ಲೋಟದ ನೀರಲ್ಲ. ಔಷಧವಿಲ್ಲದ ಹುಸಿಮಾತ್ರೆಯನ್ನು ಕೊಟ್ಟು ಹೋಲಿಸಿದ ಪರೀಕ್ಷೆಯೂ ಅದಾಗಿರಲಿಲ್ಲ.

ಶುದ್ಧವಾದ ಟೆರೋಸ್ಟಿಲ್‌ಬೀನನ್ನು ಕೊಬ್ಬಿನ ದೋಷವುಳ್ಳ 80 ಮಂದಿಯ ಮೇಲೆ ಅಮೇರಿಕದಲ್ಲಿ ಪರೀಕ್ಷಿಸಿದ ವರದಿ 2014ರಲ್ಲಿ ಬಂದಿತು. ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟವರಿಗೆ ರಕ್ತದೊತ್ತಡ ಇಳಿಯಿತು. ಆದರೆ ಕೆಟ್ಟ ಕೊಲೆಸ್ಟರಾಲ್ ಏರಿತು. ಉತ್ಕರ್ಷಣ ನಿರೋಧಕವಾದ ಮಾತ್ರಕ್ಕೆ ಹಿತವೇ ಆಗಬೇಕೆಂಬುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಫಿನ್ಲೆಂಡಿನದು. ಅಲ್ಲಿ 29,133 ಮಂದಿ ಧೂಮಪಾನಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಗಜ್ಜರಿಯ ಬಣ್ಣವಾದ ಬೀಟಾ ಕೆರೋಟಿನನ್ನು ಮಾತ್ರೆಯಾಗಿ ಸೇವಿಸಿದವರಲ್ಲಿ ಶ್ವಾಸಕೋಶದ ಅರ್ಬುದವು ಶೇಕಡಾ 18ರಷ್ಟು ಹೆಚ್ಚಾಗಿ ಕಾಣಿಸಿತೆಂದು 1994ರಲ್ಲಿ ವರದಿಯಾಯಿತು. ಗಜ್ಜರಿಯನ್ನು ತಿನ್ನುವುದು ಒಂದು; ಅದರ ಒಂದಂಶವನ್ನು ಹಿಂಡಿ ನುಂಗುವುದು ಮತ್ತೊಂದು.

ಇಷ್ಟನ್ನೂ ವಿಚಾರಿಸಿದ ಮೇಲೆ ಹೊನ್ನೆಯ ಲೋಟವನ್ನಿಟ್ಟುಕೊಂಡ ಗೃಹಸ್ಥರಿಗೆ ನಾವು ಹೇಳಬೇಕಾದುದು ಇಷ್ಟು.

ಮೊದಲನೆಯದಾಗಿ, ವೈದ್ಯರು ಕೊಟ್ಟ ಮಾತ್ರೆಯನ್ನಾಗಲಿ ಇನ್ಸುಲಿನನ್ನಾಗಲಿ ಲೋಟವನ್ನು ನಂಬಿ ನಿಲ್ಲಿಸಕೂಡದು. ಇನ್ಸುಲಿನನ್ನು 1922ರಲ್ಲಿ ಮೊಟ್ಟಮೊದಲು ಮನುಷ್ಯನಿಗೆ ಕೊಡುವುದಕ್ಕೆ ಮುಂಚೆ ಈ ರೋಗಕ್ಕೆ ತುತ್ತಾದ ಮಕ್ಕಳು ಉಳಿಯುತ್ತಿದ್ದುದೇ ವಿರಳವೆಂಬುದನ್ನು ಮರೆಯಬಾರದು.

ಎರಡನೆಯದಾಗಿ, ಲೋಟದ ನೀರನ್ನು ಕುಡಿಯುವವರು ಆ ಸಂಗತಿಯನ್ನು ವೈದ್ಯರಿಗೆ ಮುಚ್ಚಿಡಬಾರದು. ಮಾತ್ರೆಯೂ ಇದೂ ಕೂಡಿದರೆ ಸಕ್ಕರೆ ಅತಿಯಾಗಿ ಇಳಿಯುವ ಸಂಭವವುಂಟು. ತಣ್ಣನೆಯ ಬೆವರು, ನಡುಕ, ಎದೆಬಡಿತ, ಮಂಕು ಕಾಣಿಸಿದರೆ ಎಚ್ಚರವಿದ್ದವರಿಗೆ ಕೂಡಲೆ ಸಕ್ಕರೆಯ ನೀರನ್ನು ಕುಡಿಸಿ, ವೈದ್ಯರನ್ನು ಕಾಣಬೇಕು.

ಮೂರನೆಯದಾಗಿ, ಒಗರು ಕಬ್ಬಿಣವನ್ನು ಹಿಡಿಯುವುದೆಂದು ಮೇಲೆ ಹೇಳಿದೆವಷ್ಟೆ. ಆಹಾರದ ಕಬ್ಬಿಣದ ಅಂಶವನ್ನೂ ಅದು ಹಾಗೆಯೇ ಹಿಡಿದು ಮೈಗೆ ಹತ್ತಗೊಡದು. ಆದುದರಿಂದ ಇದನ್ನಾಗಲಿ ಚಹವನ್ನಾಗಲಿ ಊಟದೊಡನೆ ಕುಡಿಯಬಾರದು. ರಕ್ತಹೀನತೆಯುಳ್ಳ ಸ್ತ್ರೀಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಗರ್ಭಿಣಿಯರಿಗೂ ಮಕ್ಕಳಿಗೂ ವೈದ್ಯರ ಅಪ್ಪಣೆಯಿಲ್ಲದೆ ಲೋಟದ ನೀರು ಬೇಡ.

ನಾಲ್ಕನೆಯದಾಗಿ, ದಿನವೂ ಹೊಸ ನೀರು ಹಾಕಿ, ಉಪಯೋಗಿಸಿದ ಮೇಲೆ ಲೋಟವನ್ನು ಒಣಗಿಸಬೇಕು. ಒದ್ದೆಯಾಗಿಯೇ ಇಟ್ಟು ಬೂಷ್ಟು ಹಿಡಿದ ಲೋಟವನ್ನು ಎಸೆಯುವುದೇ ಲೇಸು.

ಉತ್ಕರ್ಷಣ ನಿರೋಧಕವೇ ಬೇಕೆನ್ನುವವರು ಕಾಡಿಗೆ ಹೋಗಬೇಕಾಗಿಲ್ಲ. ರಾಗಿಯ ಹೊಟ್ಟಿನಲ್ಲಿ, ನೆಲ್ಲಿಕಾಯಲ್ಲಿ, ಸೊಪ್ಪುಗಳಲ್ಲಿ ಅದು ಯಥೇಚ್ಛವಾಗಿದೆ. ಹೊನ್ನೆಯಾದರೋ ಕಡಿದುಕಡಿದು ಕಡಿಮೆಯಾಗುತ್ತಿರುವ ಮರ. ಅಳಿವಿನ ಭೀತಿಗೆ ಹತ್ತಿರವಾಗಿರುವ ಜಾತಿಗಳ ಪಟ್ಟಿಯಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘವು ಅದನ್ನು ಸೇರಿಸಿದೆ. ಮನೆಗೊಂದು ಲೋಟವೆಂದು ಹೊರಟರೆ ಎಷ್ಟು ಮರಗಳು ಉರುಳಬೇಕಾದೀತೆಂಬುದನ್ನು ವಾಚಕರೇ ಯೋಚಿಸಲಿ.

ಇದನ್ನೆಲ್ಲ ನಾವು ಮಾವನವರ ಮುಂದೆ ಹೇಳಿದಾಗ ಮೊದಮೊದಲು ಅವರು ಒಪ್ಪಲಿಲ್ಲ. "ಕಾಡಿನ ಮರ ಸುಳ್ಳು ಹೇಳುತ್ತದೆಯೇ?" ಎಂದರು. "ಮರ ಸುಳ್ಳು ಹೇಳುವುದಿಲ್ಲ ಮಾವ, ಮಾರುವವರು ಅದರ ಬಾಯಲ್ಲಿ ಹೇಳಿಸುತ್ತಾರೆ" ಎಂದು ಉತ್ತರಕೊಟ್ಟೆವು. ಮಾರನೆಯ ಬೆಳಗ್ಗೆ ಅತ್ತೆಯವರೂ ನಾವೂ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ರಕ್ತದ ಸಕ್ಕರೆ ಬಹಳ ಏರಿತ್ತು. ವೈದ್ಯರು ಗದರಿಸಲಿಲ್ಲ, ಗಾಯವನ್ನು ತೊಳೆದು ಕಟ್ಟಿ, ಇನ್ನೊಂದು ವಾರ ತಡಮಾಡಿದ್ದರೆ ಬೆರಳಿಗೆ ಅಪಾಯವಿತ್ತೆಂದು ಮಾತ್ರ ಹೇಳಿದರು.

ಯುಗಾದಿಯ ಹೊತ್ತಿಗೆ ಅತ್ತೆಯವರಿಂದ ಸುದ್ದಿ ಬಂದಿತು. ಗಾಯ ಮಾಯ್ದಿದೆ; ಮಾತ್ರೆ ತಪ್ಪದೆ ನಡೆದಿದೆ. ಮಾವನವರು ಲೋಟವನ್ನು ಬಿಟ್ಟಿಲ್ಲ. ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳುತ್ತ, ವಾರಕ್ಕೆರಡು ದಿನ ಅದರ ನೀರನ್ನು ಕುಡಿಯುತ್ತಿದ್ದಾರಂತೆ. ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ವಾಚಕರ ಮನೆಯಲ್ಲಿಯೂ ಇಂತಹ ಲೋಟವಿದ್ದರೆ ಇರಲಿ. ಅದರ ಪಕ್ಕದಲ್ಲಿರುವ ಮಾತ್ರೆಯ ಡಬ್ಬಿಯ ಮೇಲೆ ಧೂಳು ಕೂರದಂತೆ ಮನೆಯವರು ನೋಡಿಕೊಳ್ಳಲೆಂಬುದೇ ನಮ್ಮ ವಿಜ್ಞಾಪನೆ.